ಸತ್ಯವೇದವನ್ನು ಓದಿ ಬರೆದಿಡುವ ಅಭ್ಯಾಸವು



ಇಸ್ರಾಯೇಲ್ಯರ ಅರಸನು ಸಿಂಹಾಸನವನ್ನೇರಿದ ಮೇಲೆ ಮಾಡತಕ್ಕ ಒಂದು ಕೆಲಸವು ಧರ್ಮೋಪದೇಶಕಾಂಡದ 17ನೆಯ ಅಧ್ಯಾಯದಲ್ಲಿ ಹೇಳಲ್ಪಟ್ಟಿದೆ. ಅವನು ಧರ್ಮಶಾಸ್ತ್ರದ ಒಂದು ಪ್ರತಿಯನ್ನು ತನಗಾಗಿ ಬರೆದುಕೊಂಡು, ತನ್ನ ಬಳಿಯಲ್ಲಿಟ್ಟುಕೊಂಡು, ಜೀವಮಾನದ ದಿನಗಳಲ್ಲೆಲ್ಲಾ ಓದುತ್ತಿರಬೇಕು. ಅರಮನೆಯಲ್ಲಿ ಬರೆಯುವವರಿಗೆ ಕೊರತೆಯಿತ್ತೋ? ಇಲ್ಲವಷ್ಟೆ. ಆದರೂ ಆ ಕೆಲಸವು ಅವನ ಪಾಲಿಗೇ ಬಂತು. ಅವನ ಹೃದಯವು ತನ್ನ ಸಹೋದರರ ಮೇಲೆ ಉಬ್ಬಬಾರದೆಂಬದು ಅಲ್ಲಿ ಹೇಳಿರುವ ಕಾರಣಗಳಲ್ಲೊಂದು.

ಕನ್ನಡದ ಸಂಪೂರ್ಣ ಸತ್ಯವೇದವು 1831ರಲ್ಲಿ ಬಳ್ಳಾರಿಯಲ್ಲಿ ಅಚ್ಚಾಯಿತು. ಆದಕಾರಣ ಇಡೀ ಗ್ರಂಥವನ್ನು ನಕಲು ಮಾಡುವ ಕಷ್ಟವು ನಮಗಿಲ್ಲ. ಆದರೆ ಅಚ್ಚಿನ ಪುಸ್ತಕವು ದೊರೆತವರು ಅದನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟು, ಭಾನುವಾರ ಮಾತ್ರವೇ ಬಿಚ್ಚುವದುಂಟು. ಇದನ್ನು ಬರೆಯುವ ನಾವಾದರೂ ಹೆಚ್ಚಿನವರಲ್ಲ. ನಾವು ಪ್ರತಿದಿನ ಓದಿದೆವು, ನಿಜ. ಆದರೆ ಅನೇಕ ವರುಷಗಳ ತನಕ ಪರರಿಗೆ ಉಪದೇಶಿಸುವದಕ್ಕೋಸ್ಕರವೇ ಓದಿದೆವು. ಈ ವಚನವು ಸಭೆಯಲ್ಲಿ ಯಾರಿಗೆ ತಗಲುವದೆಂದು ಯೋಚಿಸುತ್ತಿದ್ದೆವೇ ಹೊರತು, ನಮಗೆ ತಗಲುವದೋ ಎಂದು ಕೇಳಿಕೊಳ್ಳಲಿಲ್ಲ.

ಆರಂಭಿಸುವವರು ಮಾರ್ಕನು ಬರೆದ ಸುವಾರ್ತೆಯನ್ನು ತೆಗೆದುಕೊಳ್ಳಲಿ. ಅದರಲ್ಲಿ 16 ಅಧ್ಯಾಯಗಳು ಮಾತ್ರ. ದಿನಕ್ಕೆ ಏಳೆಂಟು ವಚನಗಳಂತೆ ಓದಿದರೆ ಸುಮಾರು ಮೂರು ತಿಂಗಳಲ್ಲಿ ಮುಗಿಯುವದು. ಎತ್ತುಗಳನ್ನು ಹೂಡುವದಕ್ಕೆ ಮುಂಚೆಯೋ ರಾತ್ರಿಯ ಊಟವಾದ ಮೇಲೆಯೋ, ನಿಮಗೆ ತಪ್ಪದೆ ದೊರೆಯುವ ಹೊತ್ತೇ ಒಳ್ಳೆಯ ಹೊತ್ತು. ಮಕ್ಕಳು ಶಾಲೆಯಲ್ಲಿ ಬರೆದು ಉಳಿಸಿದ ಹಾಳೆಗಳನ್ನು ಹೊಲಿದುಕೊಂಡರೆ ಪುಸ್ತಕವಾಯಿತು. ಚಿಕ್ಕ ಪ್ರಾರ್ಥನೆ ಮಾಡಿ, ಎರಡು ಸಾರಿ ಓದಿ, ಪುಸ್ತಕವನ್ನು ಮುಚ್ಚಿ, ತಾರೀಖು ಹಾಕಿ, ಓದಿದ್ದನ್ನು ನಿಮ್ಮ ಮಾತಿನಲ್ಲಿಯೇ ಒಂದೆರಡು ಸಾಲು ಬರೆಯಿರಿ.

ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದ ಸಂಗತಿಯನ್ನು ಓದಿದಿರಿ ಎಂದುಕೊಳ್ಳೋಣ. "ಕರ್ತನ ಕೃಪೆಯು ಅಪಾರ" ಎಂದು ಬರೆದರೆ ಅದು ಸತ್ಯವೇ. ಆದರೆ ಗ್ರಂಥವನ್ನು ತೆರೆಯದೆಯೂ ಹಾಗೆ ಬರೆಯಬಹುದಾಗಿತ್ತು. "ಪರರ ಮಾಳಿಗೆಯನ್ನು ಬಿಚ್ಚಿದರು. ಮನೆಯವನು ಬೈದನೆಂದು ಬರೆದಿಲ್ಲ. ನಮ್ಮ ಮಾಳಿಗೆಯಾಗಿದ್ದರೆ?" ಎಂದು ಬರೆದವನು ಓದಿದವನೇ ಸರಿ. ಅರ್ಥವಾಗದ್ದನ್ನು ಅರ್ಥವಾಗಲಿಲ್ಲ ಎಂದೇ ಬರೆಯಿರಿ, ನಾಚಿಕೆಪಡಬೇಡಿರಿ. ಬೇತ್ಸಾಯಿದದ ಕುರುಡನಿಗೂ ಮೊದಲು ಮನುಷ್ಯರು ಮರಗಳಂತೆ ಕಂಡರು. ಕರ್ತನು ಮತ್ತೊಮ್ಮೆ ಕೈಯಿಟ್ಟ ಮೇಲೆಯೇ ಎಲ್ಲವೂ ಸ್ಪಷ್ಟವಾಯಿತು.

ಓದುಬರಹ ಬಾರದ ತಾಯಂದಿರು ಏನು ಮಾಡಬೇಕು? ಮಗನೋ ಮೊಮ್ಮಗಳೋ ಓದಲಿ, ತಾಯಿಯು ಕೇಳಿ ತನ್ನ ಬಾಯಿಂದ ತಿರುಗಿ ಹೇಳಲಿ, ಹೇಳಿದ್ದನ್ನು ಹೇಳಿದ ಹಾಗೆಯೇ ಮಗುವು ಬರೆಯಲಿ. ಶಾಲೆಗೆ ಹೋದ ಮಕ್ಕಳಿಗೆ ಅಜ್ಜಿಯ ಮಾತನ್ನು ತಿದ್ದುವ ಚಪಲವಿರುವದು, ಅದಕ್ಕೆ ಎಡೆಗೊಡಬಾರದು.

ಒಂದು ದಿನ ತಪ್ಪಿದರೆ ಮರುದಿನ ಎರಡು ದಿನಗಳ ಪಾಠವನ್ನು ಓದಬೇಡಿರಿ, ನಿಲ್ಲಿಸಿದಲ್ಲಿಂದ ಮುಂದರಿಸಿರಿ. ಬರಿದಾದ ಪುಟವನ್ನು ಹರಿದುಹಾಕಲೂ ಬೇಡಿರಿ. ನಮ್ಮ ಪುಸ್ತಕದಲ್ಲಿ ಅಂಥ ಮೂರು ಪುಟಗಳುಂಟು. ಆಗ ನಾವು ಮಾರ್ಕನ 11ನೆಯ ಅಧ್ಯಾಯದ 25ನೆಯ ವಚನಕ್ಕೆ ಬಂದಿದ್ದೆವು. ಪ್ರಾರ್ಥನೆಗೆ ನಿಂತಾಗ ಯಾರ ಮೇಲಾದರೂ ವಿರೋಧವಿದ್ದರೆ ಕ್ಷಮಿಸಬೇಕೆಂಬ ಮಾತು ಅಲ್ಲಿದೆ. ಅದೇ ಮಾತಿನ ಮೇಲೆ ನಾವು ಸಭೆಗೆ ಉಪದೇಶ ಮಾಡಿದ್ದುಂಟು. ಆದರೆ ಹೊಲದ ಬದುವಿನ ವಿಷಯವಾಗಿ ಒಡಹುಟ್ಟಿದ ಅಣ್ಣನೊಡನೆ ಎರಡು ವರುಷಗಳಿಂದ ನಮಗೆ ಮಾತಿರಲಿಲ್ಲ. ಆ ರಾತ್ರಿ ತಾರೀಖು ಬರೆದೆವು. ಮುಂದೆ ಕೈ ಓಡಲಿಲ್ಲ. ಮರುದಿನವೂ ಹಾಗೆಯೇ, ಮೂರನೆಯ ದಿನವೂ ಹಾಗೆಯೇ. ನಾಲ್ಕನೆಯ ಪುಟದಲ್ಲಿ, "ಅಣ್ಣನ ಮನೆಗೆ ಹೋಗತಕ್ಕದ್ದು" ಎಂದಿದೆ.

ಹೋದೆವು. ಅಣ್ಣನು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಅತ್ತಿಗೆಯನ್ನು ಕರೆದು, "ತಮ್ಮ ಬಂದಿದ್ದಾನೆ, ಮಜ್ಜಿಗೆ ತಾ" ಎಂದನು. ಬದುವು ಇದ್ದಲ್ಲಿಯೇ ಇದೆ. ಅದರ ಮಾತನ್ನು ಇಬ್ಬರೂ ಎತ್ತಲಿಲ್ಲ.