ಪೈರಿನ ಎಲೆಯೂ ಸೂರ್ಯನ ಬೆಳಕೂ

ಮಳೆ ಹಿಂದಾಗಿ ಮೇವು ಸಾಲದೆ ಹೋದ ವರ್ಷಗಳಲ್ಲಿ, ನಿಂತ ಜೋಳದ ಹಸುರೆಲೆಗಳನ್ನು ಕಿತ್ತು ದನಗಳಿಗೆ ಹಾಕುವ ವಾಡಿಕೆಯು ಕೆಲವೆಡೆಗಳಲ್ಲಿ ಉಂಟು. ತೆನೆ ಹೊರಟ ಮೇಲೆ ಎಲೆಯಿಂದ ಪ್ರಯೋಜನವಿಲ್ಲ, ಕಾಳಿಗೆ ಬೇಕಾದುದನ್ನೆಲ್ಲಾ ಬೇರು ನೆಲದಿಂದ ಎಳೆದುಕೊಳ್ಳುತ್ತದೆ ಎಂಬ ಭಾವನೆಯೇ ಇದಕ್ಕೆ ಕಾರಣ. ಈ ಭಾವನೆಯು ತಪ್ಪು. ಇದರಿಂದ ಬರುವ ನಷ್ಟವು ಕಣದಲ್ಲಿ ರಾಶಿ ಅಳೆಯುವಾಗ ಗೊತ್ತಾಗುವುದೇ ಹೊರತು ಎಲೆ ಕೀಳುವ ದಿನ ಕಾಣುವುದಿಲ್ಲ.

ಗಿಡದ ಮೈಯೆಲ್ಲಾ ಮಣ್ಣಿನಿಂದಲೇ ಆದುದೆಂದು ಪೂರ್ವದಲ್ಲಿ ಯೂರೋಪಿನ ಪಂಡಿತರೂ ನಂಬಿದ್ದರು. ಬ್ರಸೆಲ್ಸ್ ನಗರದ ವ್ಯಾನ್ ಹೆಲ್ಮಾಂಟ್ ಎಂಬ ವೈದ್ಯನು, ಒಣಗಿಸಿ ತೂಗಿದ 200 ಪೌಂಡು ಮಣ್ಣನ್ನು ಕುಂಡದಲ್ಲಿ ತುಂಬಿ, 5 ಪೌಂಡು ತೂಕದ ವಿಲ್ಲೋ ಸಸಿಯೊಂದನ್ನು ನೆಟ್ಟು, ನೀರನ್ನು ಮಾತ್ರ ಹಾಕುತ್ತಾ 5 ವರ್ಷ ಸಾಕಿದನು. ಮರವು 169 ಪೌಂಡಿಗೆ ಬೆಳೆಯಿತು. ಮಣ್ಣಿನಲ್ಲಿ ಕಡಿಮೆಯಾದುದು ಸುಮಾರು 2 ಔನ್ಸು ಮಾತ್ರ. ಅವನ ಮರಣಾನಂತರ 1648ರಲ್ಲಿ ಈ ಪ್ರಯೋಗವು ಪ್ರಕಟವಾಯಿತು. ಮರವೆಲ್ಲಾ ನೀರಿನಿಂದಾಯಿತೆಂದು ಅವನು ತೀರ್ಮಾನಿಸಿದನು. ಗಾಳಿಯನ್ನು ಅವನು ಲೆಕ್ಕಕ್ಕೆ ಹಿಡಿಯಲಿಲ್ಲ. ಮುಂದೆ 1779ರಲ್ಲಿ ಇಂಗೆನ್‌ಹೌಸ್ ಎಂಬ ಡಚ್ ವೈದ್ಯನು, ಗಿಡದ ಹಸುರು ಭಾಗಗಳು ಮಾತ್ರ, ಅದೂ ಬೆಳಕಿನಲ್ಲಿ ಮಾತ್ರ, ಗಾಳಿಯನ್ನು ಶುದ್ಧಿಮಾಡುವುವೆಂದು ತೋರಿಸಿದನು.

ಎಲೆಯಲ್ಲಿ ನಡೆಯುವ ಕೆಲಸವು ಹೀಗಿದೆ. ಗಾಳಿಯ 10,000 ಭಾಗಗಳಲ್ಲಿ 4 ಭಾಗದಷ್ಟು ಇಂಗಾಲಾಮ್ಲವಾಯುವಿರುತ್ತದೆ. ಎಲೆಯ ಮೈಮೇಲಿನ, ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳ ಮೂಲಕ ಅದು ಒಳಗೆ ಸೇರುತ್ತದೆ; ಬೇರಿನಿಂದ ನೀರು ಬರುತ್ತದೆ. ಎಲೆಯ ಹಸುರಿಗೆ ಕಾರಣವಾದ ಪತ್ರಹರಿತ್ತು ಸೂರ್ಯನ ಬೆಳಕನ್ನು ಹೀರಿ, ಆ ಬಲದಿಂದ ನೀರು ಒಡೆಯುತ್ತದೆ. ನೀರಿನ ಆಮ್ಲಜನಕವು ಹೊರಕ್ಕೆ ಹೋಗುತ್ತದೆ. ಜಲಜನಕವು ಇಂಗಾಲಾಮ್ಲದೊಡನೆ ಕೂಡಿ ಸಕ್ಕರೆಯಾಗುತ್ತದೆ. ಹಗಲು ಮಿಕ್ಕುದು ಎಲೆಯಲ್ಲಿಯೇ ಪಿಷ್ಟವಾಗಿ ನಿಂತು, ರಾತ್ರಿ ಮತ್ತೆ ಕರಗಿ ಬೇರಿಗೂ ಕಾಂಡಕ್ಕೂ ಕಾಳಿಗೂ ಹರಿಯುತ್ತದೆ. ರಾಗಿಯ ಹಿಟ್ಟು, ಕಬ್ಬಿನ ಬೆಲ್ಲ, ಹತ್ತಿಯ ನೂಲು, ಇವೆಲ್ಲವೂ ಮೂಲದಲ್ಲಿ ಈ ಸಕ್ಕರೆಯೇ.

ಹಾಗಾದರೆ ಗೊಬ್ಬರವೇಕೆ ಎಂದು ಕೇಳುವವರುಂಟು. ಒಂದು ಗಾಡಿ ಸೌದೆ ಸುಟ್ಟರೆ ಒಂದು ಕುಕ್ಕೆಯಷ್ಟು ಬೂದಿ ಮಾತ್ರ ಉಳಿಯುವುದು ನಿಜ. ಆದರೆ ಆ ಬೂದಿಯಲ್ಲಿರುವ ಲವಣಗಳೂ, ಹೊಗೆಯೊಡನೆ ಹೋದ ಸಾರಜನಕವೂ ಇಲ್ಲದೆ ಎಲೆಯೇ ಆಗದು. ಸಾರಜನಕ ಸಾಲದ ಪೈರು ಹಳದಿಗೆ ತಿರುಗುವುದು ಪತ್ರಹರಿತ್ತು ಕಡಿಮೆಯಾದುದರ ಗುರುತು. ನೀರಿನ ವಿಷಯವೂ ಹೀಗೆಯೇ. ನೆಲ ಒಣಗಿದಾಗ ಪೈರು ತನ್ನಲ್ಲಿರುವ ನೀರನ್ನು ಉಳಿಸಿಕೊಳ್ಳಲು ಎಲೆಯ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಆಗ ಇಂಗಾಲಾಮ್ಲವೂ ಒಳಗೆ ಬಾರದು. ಬಿಸಿಲು ಎಷ್ಟಿದ್ದರೂ ಎಲೆ ಕೆಲಸವಿಲ್ಲದೆ ಕೂರುತ್ತದೆ. ಜೋಳ, ರಾಗಿ, ಕಬ್ಬುಗಳ ಎಲೆಗಳಲ್ಲಿ ಈ ವಾಯುವನ್ನು ಒತ್ತಾಗಿ ಕೂಡಿಟ್ಟುಕೊಳ್ಳುವ ವಿಶೇಷ ಏರ್ಪಾಡಿರುವುದರಿಂದ, ಅವು ಭತ್ತಕ್ಕಿಂತ ಕಡಿಮೆ ನೀರಿನಲ್ಲಿ ಅಷ್ಟೇ ಆಹಾರವನ್ನು ಮಾಡಬಲ್ಲವು.

ಕಾಳು ಹಾಲುದುಂಬುವ ಕಾಲದಲ್ಲಿ ತೆನೆಗೆ ಆಹಾರವನ್ನೊದಗಿಸುವುವು ಮುಖ್ಯವಾಗಿ ಮೇಲಿನ ಕೆಲವು ಎಲೆಗಳು. ಇವನ್ನು ಕಿತ್ತರೆ ಕಾಳು ಸೊರಗಿ ಜೊಳ್ಳಾಗುವುದು. ಬುಡದಲ್ಲಿ ಪೂರ್ತಿ ಒಣಗಿದ ಎಲೆಗಳನ್ನು ತೆಗೆಯಲು ಅಡ್ಡಿಯಿಲ್ಲ. ಅವುಗಳ ಕೆಲಸ ಮುಗಿದಿದೆ. (ನೀರಿಲ್ಲದೆ ಬಾಡಿದ ಎಳೆಯ ಜೋಳವು ದನಗಳಿಗೆ ವಿಷವಾಗುವುದೆಂಬುದನ್ನೂ ಮರೆಯಬಾರದು.) ಒತ್ತಾಗಿ ಬಿದ್ದ ರಾಗಿಯನ್ನು ಕುಂಟೆ ಹಾಯಿಸಿ ತೆಳುವು ಮಾಡುವ ಹಿರಿಯರ ಪದ್ಧತಿಯು ಈ ದೃಷ್ಟಿಯಿಂದಲೂ ಬಹಳ ಸರಿಯಾದುದು. ಬದುವಿನ ಹೊಂಗೆಯ ಮರಗಳನ್ನು ಕಡಿಸಬೇಕಾಗಿಲ್ಲ. ನಾಟಿಗೆ ಮುಂಚೆ ರೆಂಬೆ ಸವರಿಸಿ ಸೊಪ್ಪನ್ನು ಗದ್ದೆಗೆ ತುಳಿಸಿದರೆ ನೆರಳೂ ಕಡಿಮೆಯಾಗುವುದು, ಗೊಬ್ಬರವೂ ದೊರೆಯುವುದು.

ಸಂಶಯವಿರುವವರಿಗೆ ಊರಿನ ಶಾಲೆಯಲ್ಲಿ ಉಪಾಧ್ಯಾಯರ ಕೈಯಿಂದ ಒಂದು ಪರೀಕ್ಷೆಯನ್ನು ಮಾಡಿಸಿ ತೋರಿಸಬಹುದು. ಗಿಡದಲ್ಲಿರುವ ಅವರೆಯ ಎಲೆಯೊಂದರ ನಡುವೆ ಎರಡು ಕಡೆಗೂ ಕಪ್ಪು ಕಾಗದವನ್ನು ಭದ್ರವಾಗಿ ಸಿಕ್ಕಿಸಿ ಎರಡು ದಿನ ಬಿಡಬೇಕು. ಎರಡನೆಯ ದಿನದ ಸಂಜೆ ಎಲೆಯನ್ನು ಕಿತ್ತು, ಕಾಗದ ತೆಗೆದು, ಕುದಿಯುವ ನೀರಿನಲ್ಲಿ ಅದ್ದಿ, ಒಲೆಯಿಂದ ಇಳಿಸಿದ ಬಿಸಿನೀರಿನ ಪಾತ್ರೆಯೊಳಗೆ ಸ್ಪಿರಿಟ್ ಬಟ್ಟಲನ್ನಿಟ್ಟು ಅದರಲ್ಲಿ ಹಸುರು ಬಿಡುವ ತನಕ ನೆನೆಯಿಸಬೇಕು. ಸ್ಪಿರಿಟ್ಟನ್ನು ಬೆಂಕಿಯ ಬಳಿಗೆ ಒಯ್ಯಕೂಡದು. ಬಳಿಕ ಎಲೆಯನ್ನು ನೀರಿನಲ್ಲಿ ತೊಳೆದು, ಅದರ ಮೇಲೆ ಟಿಂಕ್ಚರ್ ಅಯೋಡಿನ್ನಿನ ಕೆಲವು ಹನಿಗಳನ್ನು ಹಾಕಿದರೆ, ಬಿಸಿಲು ಬಿದ್ದ ಭಾಗವು ಪಿಷ್ಟವಿರುವ ಕಾರಣ ಕರಿನೀಲಿಗೆ ತಿರುಗುವುದು. ಕಾಗದ ಮುಚ್ಚಿದ್ದ ಭಾಗದಲ್ಲಿ ಅಯೋಡಿನ್ನಿನ ಕಂದು ಬಣ್ಣವಷ್ಟೇ ಉಳಿಯುವುದು.