ಟ್ರೈಲರಿನ ತೊಟ್ಟಿಗೆ ಹಿಂಬಾಗಿಲನ್ನು ಊರಿನಲ್ಲಿಯೇ ಮಾಡಿಸಿಕೊಳ್ಳುವ ಕ್ರಮ

ಬೆಂಗಳೂರಿನ ಬಸವನಗುಡಿಯಲ್ಲಿ ಪ್ರತಿವರ್ಷವೂ ಕಾರ್ತಿಕ ಮಾಸದ ಕಡೆಯ ಸೋಮವಾರದಂದು ಕಡಲೆಕಾಯಿ ಪರಿಷೆಯು ನಡೆಯುವುದು ಸರ್ವರಿಗೂ ವಿದಿತವಾಗಿದೆ. ಹಿಂದೆ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಗಳ ರೈತರು ತಮ್ಮ ಮೊದಲ ಫಸಲನ್ನು ಬಸವಣ್ಣನಿಗೆ ಒಪ್ಪಿಸುತ್ತಿದ್ದರೆಂದು ಪ್ರತೀತಿಯುಂಟು. ಆ ಹೊಲಗಳು ಬೀದಿಗಳಾಗಿ ಬಹುಕಾಲವಾಯಿತು. ಈಗ ಪರಿಷೆಯ ಕಾಯಿಯು ಮಾಗಡಿ, ಚಿಂತಾಮಣಿ, ಕೋಲಾರ ಮೊದಲಾದ ಕಡೆಗಳಿಂದ ಬರತಕ್ಕದ್ದಾಗಿದೆ. ಹೀಗೆ ಬರುವ ಕಾಯಿಯು ಪೇಟೆಯನ್ನು ಸೇರುವುದಕ್ಕೆ ಮುಂಚೆ ಹೊಲದಿಂದ ಕಣಕ್ಕೂ ಕಣದಿಂದ ಮನೆಗೂ ಸಾಗಬೇಕಷ್ಟೆ. ಆ ದಾರಿಯಲ್ಲಿಯೇ ಸೋರಿಹೋದದ್ದು ಮಾರುವವನಿಗೂ ಇಲ್ಲ, ದೇವರಿಗೂ ಇಲ್ಲ.

ಅನೇಕರ ಟ್ರೈಲರುಗಳಲ್ಲಿ ಹಿಂಬಾಗಿಲು ಮುರಿದುಹೋಗಿ, ಆ ಸ್ಥಳದಲ್ಲಿ ಗೋಣಿಯನ್ನೋ ಬಿದಿರ ತಟ್ಟಿಯನ್ನೋ ಹಗ್ಗದಿಂದ ಬಿಗಿದಿರುವುದು ಕಂಡುಬರುತ್ತದೆ. 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿಯಲ್ಲಿ 120 ಘನ ಅಡಿ ಸ್ಥಳವಿರುತ್ತದೆ. ಒಣಗಿದ ಕಡಲೆಕಾಯಿಯನ್ನು ತುಂಬಿದರೆ ಸುಮಾರು 900 ಕಿಲೋಗ್ರಾಂ ಹಿಡಿಯುತ್ತದೆ. ನೂರಕ್ಕೆ ಒಂದು ಪಾಲು ಸೋರಿದರೂ ಒಂದು ಸಲಕ್ಕೆ 9 ಕಿಲೋಗ್ರಾಂ ನಷ್ಟ. ಅದೇ ತೊಟ್ಟಿಗೆ ಹಸಿ ಮಣ್ಣನ್ನು ತುಂಬಿದರೆ ತೂಕವು 4 ಟನ್ನುಗಳನ್ನು ಮೀರುವುದರಿಂದ, ಟ್ರೈಲರಿಗೆ ನಿಗದಿಯಾದ ಭಾರವನ್ನು ನೋಡಿಕೊಂಡು ಕಡಿಮೆ ತುಂಬತಕ್ಕದ್ದು.

ಸರಕು ಬಾಗಿಲನ್ನು ಒತ್ತುವುದು ತಳದ ಕಡೆಗೆ ಹೆಚ್ಚು. ಮೇಲಿನ ಕೀಲುಗಳಿಗೆ ಒಂದು ಪಾಲು ಒತ್ತಡವು ಬಿದ್ದರೆ ಕೆಳಗಿನ ಕೊಕ್ಕೆಗಳಿಗೆ ಸುಮಾರು ಎರಡು ಪಾಲು ಬೀಳುತ್ತದೆ. ಆದುದರಿಂದ ಕೊಕ್ಕೆಗಳ ವಿಷಯದಲ್ಲಿ ಜಿಪುಣತನ ಸಲ್ಲದು.

ಅಳತೆ: ಬಾಗಿಲು ಪಕ್ಕದ ಗೋಡೆಗಳ ಹಿಂತುದಿಗೆ ಹೊರಗಿನಿಂದ ಒರಗಿ ಮುಚ್ಚಿಕೊಳ್ಳಬೇಕು. ಅಗಲಕ್ಕೆ ತೊಟ್ಟಿಯ ಹೊರ ಅಳತೆಯನ್ನೂ, ಎತ್ತರಕ್ಕೆ ಒಳ ಎತ್ತರಕ್ಕಿಂತ 2 ಅಂಗುಲ ಹೆಚ್ಚಾಗಿಯೂ ಇಟ್ಟುಕೊಂಡು, ಆ ಹೆಚ್ಚಳವು ತಳದ ಹಲಗೆಯಿಂದ ಕೆಳಕ್ಕೆ ಇಳಿಯುವಂತೆ ಮಾಡಬೇಕು. ಹಳೆಯ ತೊಟ್ಟಿಗಳು ಸೊಟ್ಟಗಾಗಿರುವುದುಂಟು. ಮೂಲೆಯಿಂದ ಮೂಲೆಗೆ ಎರಡು ಕಡೆಯೂ ಅಳೆದು, ಅಳತೆಗಳು ಸಮವಾಗಿಲ್ಲದಿದ್ದರೆ ಮೊದಲು ತೊಟ್ಟಿಯನ್ನು ಸರಿಪಡಿಸತಕ್ಕದ್ದು.

ಮರ ಮತ್ತು ಕಬ್ಬಿಣ: ಚೆನ್ನಾಗಿ ಒಣಗಿದ ಹೊನ್ನೆ, ಮತ್ತಿ ಅಥವಾ ಕರಿಜಾಲಿಯ ಒಂದೂಕಾಲು ಅಂಗುಲ ದಪ್ಪದ ಹಲಗೆಗಳು ಉತ್ತಮ. ನೀಲಗಿರಿ ಮರವು ಸೀಳಿ ಸೊಟ್ಟಗಾಗುವ ಸ್ವಭಾವದ್ದು. ಹಲಗೆಗಳನ್ನು ಅಡ್ಡವಾಗಿ ಜೋಡಿಸಿ, ಹೊರಮುಖಕ್ಕೆ ಎರಡು ತುದಿಗಳಲ್ಲಿಯೂ ನಡುವೆಯೂ ಕಾಲು ಅಂಗುಲ ದಪ್ಪದ ಮೂರು ಕಬ್ಬಿಣದ ಪಟ್ಟಿಗಳನ್ನು ನಿಲುವಾಗಿ ಬೋಲ್ಟುಗಳಿಂದ ಬಿಗಿಯಬೇಕು. ಬೋಲ್ಟಿನ ಗುಂಡುತಲೆಯು ಒಳಗಡೆಗೂ ನಟ್ಟು ಹೊರಗಡೆಗೂ ಇದ್ದರೆ ಸರಕು ತಡೆಯಿಲ್ಲದೆ ಜಾರುತ್ತದೆ. ಪೇಟೆಗೆ ಬಂದುಹೋಗುವವರಿಗೆ ಇವೆಲ್ಲವೂ ಚಾಮರಾಜಪೇಟೆಗೆ ಸಮೀಪದ ಕಲಾಸಿಪಾಳ್ಯದ ಕಡೆಯ ಅಂಗಡಿಗಳಲ್ಲಿ ದೊರೆಯುತ್ತವೆ.

ಕೀಲು ಮತ್ತು ಕೊಕ್ಕೆ: ತುದಿಯ ಎರಡು ಪಟ್ಟಿಗಳ ಮೇಲ್ತುದಿಯನ್ನು ಕಮ್ಮಾರನು ಬಳೆಯಾಗಿ ಬಗ್ಗಿಸಿ, ತೊಟ್ಟಿಯ ಮೇಲಂಚಿಗೆ ಬೆಸೆದ ಕಿವಿಗಳಲ್ಲಿ ಮುಕ್ಕಾಲು ಅಂಗುಲದ ಸರಳಿನಿಂದ ತೂಗುಹಾಕತಕ್ಕದ್ದು. ಹೀಗೆ ಮೇಲಿನಿಂದ ತೂಗುವ ಬಾಗಿಲು ತೊಟ್ಟಿಯನ್ನು ಎತ್ತಿದಾಗ ತಾನಾಗಿಯೇ ತೆರೆದುಕೊಂಡು ದಾರಿ ಬಿಡುತ್ತದೆ. ತೊಟ್ಟಿಯ ತಳದ ಹಿಂಭಾಗದಲ್ಲಿ ಒಂದು ಅಂಗುಲದ ಸರಳನ್ನು ಅಡ್ಡಲಾಗಿ ಬಳೆಗಳಲ್ಲಿ ತಿರುಗುವಂತೆ ಕೂಡಿಸಿ, ಅದರ ಎರಡು ತುದಿಗಳಿಗೆ ಕೊಕ್ಕೆಗಳನ್ನೂ ಒಂದು ಪಕ್ಕಕ್ಕೆ 2 ಅಡಿ ಉದ್ದದ ಹಿಡಿಯನ್ನೂ ಬೆಸೆಯಬೇಕು. ಹಿಡಿಯನ್ನು ತಿರುಗಿಸಿದರೆ ಎರಡು ಕೊಕ್ಕೆಗಳೂ ಏಕಕಾಲಕ್ಕೆ ಬಿಡುತ್ತವೆ. ಸರಕಿನ ಒತ್ತಡವು ಕೊಕ್ಕೆಗಳನ್ನು ತಾನಾಗಿ ತೆರೆಯಲು ಯತ್ನಿಸುವುದರಿಂದ, ಹಿಡಿಗೆ ಸರಪಣಿಯಲ್ಲಿ ಕಟ್ಟಿದ ಭದ್ರವಾದ ಗೂಟವಿಲ್ಲದೆ ಬಂಡಿಯನ್ನು ರಸ್ತೆಗೆ ತರಕೂಡದು.

ಸಂದುಗಳು: ಕಡಲೆಕಾಯಿಗೆ ಸಣ್ಣ ಸಂದು ಅಷ್ಟಾಗಿ ಬಾಧಕವಲ್ಲ. ರಾಗಿಗಾದರೋ ಕೂದಲೆಳೆಯ ಸಂದೂ ಬಾಗಿಲೇ ಸರಿ. ಹಳೆಯ ಟೈರಿನ ಟ್ಯೂಬನ್ನು 3 ಅಂಗುಲ ಅಗಲಕ್ಕೆ ಸೀಳಿ ತಳಕ್ಕೂ ಪಕ್ಕಗಳಿಗೂ ಹೊಡೆದರೆ ಸೋರುವುದು ನಿಲ್ಲುತ್ತದೆ. ಬಾಗಿಲಿನ ಕೆಳ ಅಂಚಿಗೆ ಎರಡು ಸರಪಣಿಗಳನ್ನು ಹಾಕಿ ತೆರೆಯುವಿಕೆಯನ್ನು 6 ಅಂಗುಲಕ್ಕೆ ಮಿತಿಗೊಳಿಸಿದರೆ, ಪುಡಿಯಾದ ಗೊಬ್ಬರವನ್ನು ಹೊಲದಲ್ಲಿ ಸಮನಾಗಿ ಸುರಿಯುತ್ತ ಸಾಗಬಹುದು.

ಎಚ್ಚರಿಕೆ: ಸಮನಾದ ನೆಲದಲ್ಲಿ ಬಂಡಿಯನ್ನು ನಿಲ್ಲಿಸಿ, ಮೇಲೆ ವಿದ್ಯುತ್ ತಂತಿಗಳಿಲ್ಲವೆಂದು ನೋಡಿಕೊಂಡು, ಪಕ್ಕದಲ್ಲಿ ನಿಂತು ಮೊದಲು ಕೊಕ್ಕೆಯನ್ನು ಬಿಡಿಸಿ ಅನಂತರ ತೊಟ್ಟಿಯನ್ನು ಎತ್ತತಕ್ಕದ್ದು. ತೊಟ್ಟಿಯನ್ನು ಎತ್ತಿದ ಮೇಲೆ ಕೊಕ್ಕೆ ಬಿಡಿಸಿದರೆ ಸರಕೆಲ್ಲವೂ ಒಮ್ಮೆಗೇ ನುಗ್ಗಿ ಎದುರಿಗಿದ್ದವರ ಪ್ರಾಣಕ್ಕೆ ಅಪಾಯವಾಗುತ್ತದೆ. ಕಣದಲ್ಲಿ ಮಕ್ಕಳು ಹಿಂದೆ ಬಂದು ನಿಲ್ಲುವುದು ಸಹಜ. ಅವರನ್ನು ದೂರವಿರಿಸುವ ಹೊಣೆ ಹಿಡಿಯನ್ನು ಹಿಡಿದವನದು. ಗೊಬ್ಬರವು ಕಚ್ಚಿಕೊಂಡರೆ ಹಿಂದೆ ನಿಂತು ಹಾರೆಯಿಂದ ತಿವಿಯದೆ, ತೊಟ್ಟಿಯನ್ನು ಇಳಿಸಿ ಸಡಿಲಿಸತಕ್ಕದ್ದು. ಎತ್ತಿದ ತೊಟ್ಟಿಯ ಕೆಳಗೆ ಬಲವಾದ ಆನಿಕೆಯನ್ನು ಕೊಡದೆ ಯಾರೂ ನುಸುಳಕೂಡದು. ಬಾಗಿಲು ಹಿಂದಿನ ದೀಪಗಳನ್ನು ಮರೆಮಾಡದಂತೆಯೂ ನೋಡಿಕೊಳ್ಳಬೇಕು.

ಈ ಕೆಲಸಕ್ಕೆ ಒಬ್ಬ ಬಡಗಿಯೂ ಒಬ್ಬ ಕಮ್ಮಾರನೂ ಸಾಕು. ಗ್ರಾಮದ ಮುಖಂಡರು ಮೊದಲು ತಮ್ಮ ಟ್ರೈಲರಿಗೆ ಒಂದನ್ನು ಮಾಡಿಸಿ, ಅದರಲ್ಲಿ ಕಂಡ ಕುಂದುಗಳನ್ನು ತಿದ್ದಿಸಿ, ನೆರೆಹೊರೆಯವರಿಗೆ ತೋರಿಸಿದರೆ ಉಳಿದವರೂ ಅನುಸರಿಸುವರು. ಕಾಯಿ ಕೀಳುವುದಕ್ಕೆ ಮುಂಚೆಯೇ ಇದನ್ನು ಮುಗಿಸಿಕೊಂಡರೆ, ಈ ವರ್ಷದ ಫಸಲು ಹೊಲದಲ್ಲಿ ತುಂಬಿದಷ್ಟೇ ಕಣದಲ್ಲಿ ಇಳಿಯುವುದು.