ಕಾಲೇಜಿನ ಅರ್ಜಿಗೆ ಮುನ್ನ: ತೆಲಿಗಿ ಸೀಮೆಯ ಬೆಳೆಗಾರರ ಮನೆಗಳಿಗೆ ಒಂದಿಷ್ಟು ವಿವರ

ಅಡಿಕೆ ಸಸಿ ನೆಟ್ಟವರು ಮೊದಲ ಗೊನೆಗಾಗಿ ಐದಾರು ವರ್ಷ ಕಾಯುತ್ತಾರೆ. ನೆಡುವ ಮುಂಚೆಯೇ ನೀರೆಷ್ಟಿದೆ, ಮಣ್ಣು ಎಂಥದು, ಬಸಿಗಾಲುವೆ ಎಲ್ಲಿ ತೆಗೆಯಬೇಕು ಎಂದು ನೂರು ಸಲ ಯೋಚಿಸುತ್ತಾರೆ. ಆದರೆ ಮಗನನ್ನೋ ಮಗಳನ್ನೋ ಯಾವ ಪದವಿಗೆ, ಯಾವ ಊರಿಗೆ ಕಳಿಸಬೇಕು ಎಂಬ ಪ್ರಶ್ನೆಯನ್ನು ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ ಎರಡು ವಾರದಲ್ಲಿ ಮುಗಿಸಿಬಿಡುವುದು ನಮ್ಮಲ್ಲಿ ರೂಢಿಯಾಗಿದೆ. ಆ ಹೊತ್ತಿಗೆ ನಿಜವಾದ ತೀರ್ಮಾನಗಳು ಆಗಿಹೋಗಿರುತ್ತವೆ. ಒಂದು, ಎಸ್.ಎಸ್.ಎಲ್.ಸಿ. ಮುಗಿದ ಬೇಸಿಗೆಯಲ್ಲಿ, ಇನ್ನೊಂದು, ಅದಕ್ಕೂ ಮುಂಚೆ, ಹುಡುಗನನ್ನು ಎಂಟನೆಯ ತರಗತಿಗೆ ಪೇಟೆಯ ಶಾಲೆಗೆ ಸೇರಿಸಿದ ದಿನ. ಈ ಲೇಖನದಲ್ಲಿ ಆ ಹಿಂದಿನ ತೀರ್ಮಾನಗಳ ವಿಚಾರವನ್ನೇ ಹೆಚ್ಚಾಗಿ ಹೇಳಲಾಗಿದೆ.

ಮೊದಲು ಪಿಯುಸಿ ವಿಷಯಗಳ ಮಾತು. ಕೃಷಿ, ತೋಟಗಾರಿಕೆ, ಅರಣ್ಯಶಾಸ್ತ್ರ, ಪಶುವೈದ್ಯ ಇವುಗಳಲ್ಲಿ ಯಾವುದನ್ನು ಓದಬೇಕಾದರೂ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಜೊತೆಗೆ ಜೀವಶಾಸ್ತ್ರ ಇರಲೇಬೇಕು. ಎಂಜಿನಿಯರಿಂಗಿಗೆ ಗಣಿತ ಬೇಕು; ಕೃಷಿ ಎಂಜಿನಿಯರಿಂಗಿಗೂ ಅಷ್ಟೇ. ನಾಲ್ಕನ್ನೂ ಓದಿದವರಿಗೆ ಎರಡು ದಾರಿಗಳೂ ತೆರೆದಿರುತ್ತವೆ. ಕಲೆ ಅಥವಾ ವಾಣಿಜ್ಯ ಓದಿದ ಹುಡುಗನಿಗೆ ಆಮೇಲೆ ಎಷ್ಟೇ ಆಸೆ ಹುಟ್ಟಿದರೂ ಕೃಷಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಬಾಗಿಲು ತೆರೆಯದು. ಹಾಗೆಂದು ಎಲ್ಲರನ್ನೂ ವಿಜ್ಞಾನಕ್ಕೆ ತಳ್ಳಬೇಕೆಂದು ಇಲ್ಲಿ ಹೇಳುತ್ತಿಲ್ಲ. ಲೆಕ್ಕ ಬರೆಯುವುದರಲ್ಲಿ ಚುರುಕಾದ ಹುಡುಗಿಗೆ ಬಿ.ಕಾಂ. ಒಳ್ಳೆಯ ಓದು, ಊರಿನ ಸಹಕಾರ ಸಂಘಗಳಿಗೂ ಅಂಥವರು ಬೇಕು. ರಾಜ್ಯದಲ್ಲಿ 2024ರಿಂದ ಈ ಪದವಿಗಳು ಮತ್ತೆ ಮೂರು ವರ್ಷದ್ದಾಗಿವೆ, ಇವಕ್ಕೆ ಪ್ರವೇಶ ಪರೀಕ್ಷೆಯ ತೊಡಕೂ ಇಲ್ಲ. ಮುಚ್ಚುವ ಬಾಗಿಲು ಯಾವುದೆಂದು ತಿಳಿದು ಮುಚ್ಚಿದರೆ ಸಾಕು. ಓದಿನಲ್ಲಿ ಹತ್ತನೆಯ ತರಗತಿಗೇ ಬೇಸತ್ತಿದ್ದು ಹೊಲ, ತೋಟದ ಕೆಲಸದಲ್ಲಿ ಕೈ ಪಳಗಿದ ಮಕ್ಕಳಿಗೆ ಕೃಷಿ ವಿಶ್ವವಿದ್ಯಾಲಯಗಳು ಕನ್ನಡ ಮಾಧ್ಯಮದಲ್ಲೇ ನಡೆಸುವ ಎರಡು ವರ್ಷದ ಕೃಷಿ ಡಿಪ್ಲೊಮಾ ಇದೆ. ಇದರ ಸುದ್ದಿ ನಮ್ಮ ಊರುಗಳಿಗೆ ತಲುಪಿರುವುದು ಕಡಿಮೆ.

ಹಳ್ಳಿ ಶಾಲೆಯ ಹತ್ತು ವರ್ಷ

ಅನುಕೂಲವಿರುವ ಮನೆಗಳಲ್ಲಿ ಮಕ್ಕಳನ್ನು ಏಳನೆಯ ತರಗತಿ ಮುಗಿದ ಕೂಡಲೇ ದಾವಣಗೆರೆಗೋ, ಹರಪನಹಳ್ಳಿ, ಕೊಟ್ಟೂರು ಪಟ್ಟಣಕ್ಕೋ ಕಳಿಸುವ ವಾಡಿಕೆ ಬೆಳೆದಿದೆ. ಶಾಲೆ ಚೆನ್ನಾಗಿರಬಹುದು. ಆದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿ ಮೂಲಕ ಸೀಟು ಹಂಚುವಾಗ ಪ್ರತಿ ವರ್ಗದೊಳಗೂ ಶೇಕಡಾ 15ರಷ್ಟು ಗ್ರಾಮೀಣ ವಿದ್ಯಾರ್ಥಿಗಳಿಗೆ, ಶೇಕಡಾ 5ರಷ್ಟು ಕನ್ನಡ ಮಾಧ್ಯಮದವರಿಗೆ ಮೀಸಲಿದೆ. ಗ್ರಾಮೀಣ ಎಂದು ಎಣಿಸಬೇಕಾದರೆ ಒಂದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ಪೂರ್ತಿ ಹತ್ತು ವರ್ಷ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಪುರಸಭೆ, ಪಟ್ಟಣ ಪಂಚಾಯತಿ ವ್ಯಾಪ್ತಿಯ ಶಾಲೆ ಲೆಕ್ಕಕ್ಕೆ ಬಾರದು. ಒಂಬತ್ತು ವರ್ಷ ತೆಲಿಗಿಯಲ್ಲಿ ಓದಿ ಹತ್ತನೆಯದೊಂದನ್ನು ಪೇಟೆಯಲ್ಲಿ ಓದಿದರೂ ಆ ಹಕ್ಕು ಹೋಯಿತು. ಕನ್ನಡ ಮಾಧ್ಯಮದ ಮೀಸಲಿಗೂ ಇದೇ ಹತ್ತು ವರ್ಷದ ನಿಯಮ. ಆದರೆ ಅಲ್ಲಿ ನೋಡುವುದು ಶಾಲೆ ಎಲ್ಲಿತ್ತೆಂಬುದನ್ನಲ್ಲ, ಯಾವ ಭಾಷೆಯಲ್ಲಿ ಕಲಿಸಿದರೆಂಬುದನ್ನು. ಹಳ್ಳಿಯ ಸರಕಾರಿ ಕನ್ನಡ ಶಾಲೆಯಲ್ಲಿ ಹತ್ತೂ ವರ್ಷ ಓದಿದ ಮಗುವಿಗೆ ಎರಡೂ ಸಲ್ಲುತ್ತವೆ.

ಪಿಯುಸಿಗೆ ಈ ಕಟ್ಟು ಇಲ್ಲ. ಹತ್ತನೆಯದನ್ನು ಊರಲ್ಲಿ ಮುಗಿಸಿ, ಪಿಯುಸಿಯನ್ನು ದಾವಣಗೆರೆಯಲ್ಲೋ ಧಾರವಾಡದಲ್ಲೋ ಮಾಡಿಸಿದರೆ ಏನೂ ನಷ್ಟವಾಗದು. ಎಂಟನೆಯ ತರಗತಿಗೆ ಹಾಸ್ಟೆಲ್ ಶುಲ್ಕ ಕಟ್ಟಲು ಹೊರಟ ಸದಸ್ಯರು ಇದೊಂದು ಲೆಕ್ಕವನ್ನೂ ಹಾಕಿ ನೋಡುವುದು ಒಳ್ಳೆಯದು. ಈ ಮೀಸಲಿಗೆ ಬೇಕಾದ ಪ್ರಮಾಣಪತ್ರಕ್ಕೆ ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಎರಡೂ ಆಗಬೇಕು. ಎರಡು ಮೂರು ಶಾಲೆಗಳಲ್ಲಿ ಓದಿದವರು ಪ್ರತಿ ಶಾಲೆಯಿಂದಲೂ ತರಬೇಕು.

ಹರಪನಹಳ್ಳಿಯ ವಿಶೇಷ

ಇನ್ನು ನಮ್ಮ ತಾಲ್ಲೂಕಿಗೆ ಮಾತ್ರ ಸಂಬಂಧಿಸಿದ ಒಂದು ಸಂಗತಿ. ಮಲೆನಾಡಿನ ಕಾಫಿ ಬೆಳೆಗಾರ ಬಂಧುಗಳಿಗೆ ಇದು ಅನ್ವಯಿಸದು, ಅವರು ಈ ಭಾಗವನ್ನು ದಾಟಿ ಓದಬಹುದು.

ಹಿಂದುಳಿದ ಹೈದರಾಬಾದ್ ಕರ್ನಾಟಕ ಪ್ರದೇಶಕ್ಕಾಗಿ ಸಂವಿಧಾನಕ್ಕೆ 371 ಜೆ ವಿಧಿಯನ್ನು ಸೇರಿಸಿ, ಅದರಂತೆ 2013ರಲ್ಲಿ ಶಿಕ್ಷಣ ಮತ್ತು ಉದ್ಯೋಗ ಮೀಸಲಾತಿಯ ಆದೇಶಗಳು ಬಂದವು. ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂದದ್ದು 2019ರಲ್ಲಿ. ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ತಾಲ್ಲೂಕುಗಳಿಗೆ ಈ ಸೌಲಭ್ಯ ಮೊದಲ ದಿನದಿಂದಲೇ ದೊರೆಯಿತು. ಕೊಟ್ಟೂರು ಆಗ ಕೂಡ್ಲಿಗಿಯೊಳಗೇ ಇತ್ತು. ಹರಪನಹಳ್ಳಿ ಮಾತ್ರ ಹೊರಗುಳಿಯಿತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ನಮ್ಮ ತಾಲ್ಲೂಕನ್ನು ಬಳ್ಳಾರಿಯಿಂದ ಬಿಡಿಸಿ ಅಲ್ಲಿಗೆ ಸೇರಿಸಿದ್ದೇ ಕಾರಣ. ಒಂದೇ ಮಳೆ, ಒಂದೇ ಮಣ್ಣು; ತಾಲ್ಲೂಕಿನ ಗಡಿಕಲ್ಲಿನಾಚೆ ಹುಟ್ಟಿದ ಹುಡುಗನಿಗೆ ಮೀಸಲು ಸೀಟು, ಈಚೆಯವನಿಗೆ ಇಲ್ಲ. ಜನ ಬಹಳ ಕಾಲ ಹೋರಾಡಿದ ಮೇಲೆ 2018ರಲ್ಲಿ ತಾಲ್ಲೂಕನ್ನು ಬಳ್ಳಾರಿ ಜಿಲ್ಲೆಗೆ ಮರಳಿಸಿ ಈ ಸೌಲಭ್ಯ ಕೊಡಲು ಸರಕಾರ ತೀರ್ಮಾನಿಸಿತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಈ ಐದೂ ತಾಲ್ಲೂಕುಗಳು ಅದರಲ್ಲಿ ಸೇರಿದವು.

ಇದರ ಫಲವೇನು? ಪ್ರದೇಶದೊಳಗಿನ ವಿದ್ಯಾಸಂಸ್ಥೆಗಳಲ್ಲಿ ಶೇಕಡಾ 70ರಷ್ಟು ಸೀಟು ಸ್ಥಳೀಯರಿಗೆ. ಪ್ರದೇಶದ ಹೊರಗೆ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡಾ 8ರಷ್ಟು. ಇಲ್ಲಿ ಒಂದು ವಿಚಿತ್ರವಿದೆ. ನಮಗೆ ವ್ಯಾಪಾರಕ್ಕೆ, ಆಸ್ಪತ್ರೆಗೆ, ಸಂತೆಗೆ ಹತ್ತಿರವಾದದ್ದು ದಾವಣಗೆರೆ. ಮಕ್ಕಳಿಗೆ ಕಾಲೇಜು ಎಂದ ಕೂಡಲೇ ನೆನಪಾಗುವುದೂ ಅದೇ. ಆದರೆ ದಾವಣಗೆರೆ ಈ ಪ್ರದೇಶದ ಹೊರಗಿದೆ. ದೂರವೆನ್ನಿಸುವ ಬಳ್ಳಾರಿ, ಕೊಪ್ಪಳ, ರಾಯಚೂರು, ಕಲಬುರಗಿ, ಬೀದರ್‌ಗಳಲ್ಲಿ ನಮ್ಮ ಮಕ್ಕಳ ಹಕ್ಕು ದೊಡ್ಡದು. ಹತ್ತಿರದ ಊರಿನಲ್ಲಿ ಕೂದಲೆಳೆಯಲ್ಲಿ ತಪ್ಪಿದ ಸೀಟು ಅಲ್ಲಿ ಸುಲಭವಾಗಿ ಸಿಗುವ ಸಂಭವವಿದೆ. ಹೊಸಪೇಟೆಯಿಂದ ತುಂಗಭದ್ರೆ ದಾಟಿದರೆ ಸಿಗುವ ಮುನಿರಾಬಾದಿನಲ್ಲಿ ತೋಟಗಾರಿಕೆ ಮಹಾವಿದ್ಯಾಲಯವಿದೆ. ಅದು ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವೇ ಇದೆ. ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ. ಬೇರೆ ಪದವಿಗಳಿಗೆ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವಿದೆ.

ಈ ಹಕ್ಕಿಗೆ ಉಪವಿಭಾಗಾಧಿಕಾರಿಗಳು ಕೊಡುವ ಅರ್ಹತಾ ಪ್ರಮಾಣಪತ್ರ ಬೇಕು. ಈಗ ಪಿಯುಸಿಗೆ ಬರುತ್ತಿರುವ ನಮ್ಮ ತಾಲ್ಲೂಕಿನ ಮಕ್ಕಳು ಹುಟ್ಟಿದ್ದು ದಾವಣಗೆರೆ ಜಿಲ್ಲೆಯಾಗಿದ್ದ ಕಾಲದಲ್ಲಿ. ಜನನ ಪತ್ರದಲ್ಲಿ, ಮೊದಲ ತರಗತಿಗಳ ಶಾಲಾ ದಾಖಲೆಯಲ್ಲಿ ಆ ಜಿಲ್ಲೆಯ ಹೆಸರೇ ಇರುತ್ತದೆ. ನಡುವೆ ಬಳ್ಳಾರಿ, ಈಚಿನದರಲ್ಲಿ ವಿಜಯನಗರ. ಊರು ಅದೇ, ಮನೆ ಅದೇ, ಕಾಗದದಲ್ಲಿ ಮೂರು ಜಿಲ್ಲೆ. ಇದಕ್ಕೆ ಗಾಬರಿಯಾಗಬೇಕಿಲ್ಲ. ಗ್ರಾಮ ಮತ್ತು ತಾಲ್ಲೂಕಿನ ಹೆಸರು ಎಲ್ಲ ದಾಖಲೆಗಳಲ್ಲೂ ಒಂದೇ ಆಗಿದೆಯೇ, ತಂದೆಯ ಹೆಸರಿನ ಅಕ್ಷರಗಳು ಒಂದೇ ಆಗಿವೆಯೇ ಎಂದು ಪ್ರಥಮ ಪಿಯುಸಿಯಲ್ಲೇ ನೋಡಿ, ಅರ್ಜಿ ಹಾಕಿ ಪತ್ರ ಪಡೆದಿಟ್ಟುಕೊಳ್ಳಬೇಕು. ಸಿಇಟಿ ಅರ್ಜಿಯ ಕೊನೆಯ ವಾರದಲ್ಲಿ ಕಚೇರಿಯ ಮುಂದೆ ನಿಂತವರ ಸಾಲು ಎಷ್ಟುದ್ದವಿರುತ್ತದೆಂದು ಹೋದವರನ್ನು ಕೇಳಬಹುದು.

ರೈತರ ಮಕ್ಕಳ ಕೋಟಾ

ಕೃಷಿ ಮತ್ತು ತೋಟಗಾರಿಕೆ ಪದವಿಗಳಲ್ಲಿ ರೈತರ ಮಕ್ಕಳಿಗೆಂದು ಬೇರೆಯೇ ಮೀಸಲಿದೆ. ಹಿಂದೆ ಶೇಕಡಾ 40 ಇದ್ದದ್ದನ್ನು ಈಚೆಗೆ ಶೇಕಡಾ 50ಕ್ಕೆ ಏರಿಸಲಾಗಿದೆ. ಇದಕ್ಕೆ ತಹಸೀಲ್ದಾರರಿಂದ ಕೃಷಿಕ ಕುಟುಂಬವೆಂಬ ಪತ್ರ ಬೇಕು. ಜೊತೆಗೆ ಕೃಷಿ ಜ್ಞಾನದ ಪರೀಕ್ಷೆಯೊಂದನ್ನು ಬರೆಯಬೇಕು. ಬೀಜ, ಗೊಬ್ಬರ, ಕಳೆ, ಕೀಟ, ಉಪಕರಣ ಇಂಥವುಗಳ ಪರಿಚಯವನ್ನು ಅಲ್ಲಿ ಕೇಳುತ್ತಾರೆ. ರ‍್ಯಾಂಕ್ ಕಟ್ಟುವಾಗ ಪಿಯುಸಿ ಮತ್ತು ಸಿಇಟಿ ಅಂಕಗಳ ಜೊತೆಗೆ ಇದರ ಅಂಕವೂ ಸೇರುತ್ತದೆ. ಆದ್ದರಿಂದ ಸಿಇಟಿಯಲ್ಲಿ ಸಾಧಾರಣ ಅಂಕ ಬಂದವರೂ ಇಲ್ಲಿ ಮುಂದೆ ಬರಬಹುದು. ಆದರೆ ಎಕರೆಗಟ್ಟಲೆ ಜಮೀನಿರುವ ಮನೆಯ ಮಕ್ಕಳೇ ಸಜ್ಜೆಗೂ ನವಣೆಗೂ ವ್ಯತ್ಯಾಸ ತಿಳಿಯದೆ, ಕುಂಟೆ ಯಾವುದು ಕೂರಿಗೆ ಯಾವುದು ಎಂದು ತಡವರಿಸಿದರೆ ಆ ಪತ್ರದಿಂದ ಏನು ಪ್ರಯೋಜನ? ರಜೆಯಲ್ಲಿ ಬಂದ ಮಕ್ಕಳನ್ನು ಓದಿನ ನೆಪದಲ್ಲಿ ಕೋಣೆಯಲ್ಲೇ ಕೂರಿಸುವ ತಂದೆತಾಯಿಗಳಿಗೆ ಈ ಮಾತು. ಅಜ್ಜನ ಹಿಂದೆ ಹೊಲಕ್ಕೆ ಹೋಗುವುದೂ ಈ ಪರೀಕ್ಷೆಯ ಓದೇ.

ನಾಲ್ಕು ವರ್ಷದ ಈ ಪದವಿಗಳಲ್ಲಿ ಮಣ್ಣು, ರೋಗ, ಕೀಟ, ತಳಿ, ಮಾರುಕಟ್ಟೆ ಎಲ್ಲವನ್ನೂ ಕಲಿಸುತ್ತಾರೆ. ಕೊನೆಯ ವರ್ಷದಲ್ಲಿ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಉಳಿದು ರೈತರೊಡನೆ ಕೆಲಸ ಮಾಡಬೇಕು. ಪಾಠ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ಹೋದವರಿಗೆ ಮೊದಲ ವರ್ಷ ಕಷ್ಟವಾಗುತ್ತದೆಂಬುದನ್ನು ಮೊದಲೇ ತಿಳಿಸಿ ಕಳಿಸಬೇಕು. ಇಲ್ಲವಾದರೆ ದೀಪಾವಳಿಗೆ ಬಂದ ಹುಡುಗ ಮತ್ತೆ ಹೋಗಲೊಲ್ಲೆ ಎನ್ನುತ್ತಾನೆ. ಮುಗಿಸಿದವರಿಗೆ ಕೃಷಿ ಇಲಾಖೆ, ತೋಟಗಾರಿಕೆ ಇಲಾಖೆ, ಬ್ಯಾಂಕುಗಳ ಕೃಷಿ ಅಧಿಕಾರಿ ಹುದ್ದೆ, ಬೀಜ ಮತ್ತು ಗೊಬ್ಬರ ಕಂಪನಿಗಳು ಇವೆ. ಗೊಬ್ಬರ, ಔಷಧಿ ಅಂಗಡಿಯ ಪರವಾನಗಿಗೂ ಈಗ ವಿದ್ಯಾರ್ಹತೆ ಕೇಳುತ್ತಾರೆ. ಕಾಫಿ ನಾಡಿನವರಿಗೆ ಇನ್ನೊಂದು ದಾರಿಯಿದೆ: ಪದವಿಯ ನಂತರ ಕಾಫಿ ಮಂಡಳಿ ನಡೆಸುವ ಕಾಫಿ ಗುಣಮಟ್ಟದ ಸ್ನಾತಕೋತ್ತರ ಡಿಪ್ಲೊಮಾ.

ತೋಟವಿದೆ ಎಂಬ ಒಂದೇ ಕಾರಣಕ್ಕೆ ಮಕ್ಕಳನ್ನು ಕೃಷಿ ಪದವಿಗೆ ಹಾಕುವುದು ನಮಗೆ ಸರಿಕಾಣದು. ಕೊಳವೆ ಬಾವಿಯನ್ನು ನಂಬಿದ ನಮ್ಮ ಕಡೆಯ ಅಡಿಕೆ ಇನ್ನು ಇಪ್ಪತ್ತು ವರ್ಷ ಹೀಗೇ ನಿಲ್ಲುತ್ತದೆಂದು ಯಾರೂ ಬರೆದುಕೊಡಲಾರರು. ಅಡಿಕೆಯ ದರ ನೋಡಿ ಮಗನ ಓದನ್ನು ನಿಶ್ಚಯಿಸುವುದಂತೂ ಬೇಡವೇ ಬೇಡ. ಹಾಗೆಯೇ ಹೆಣ್ಣುಮಕ್ಕಳಿಗೆ ತೋಟಗಾರಿಕೆ ಏಕೆ ಎನ್ನುವ ಮನೆಗಳು ಇನ್ನೂ ಇವೆ. ಸಸಿಮಡಿಯಿಂದ ಹಿಡಿದು ಅಡಿಕೆ ಸುಲಿಯುವವರೆಗೆ ದುಡಿಮೆ ಮಾಡುವವರು ಯಾರೆಂದು ಆ ಮನೆಯವರೇ ಒಮ್ಮೆ ನೋಡಿಕೊಳ್ಳಲಿ.

ಆಯ್ಕೆಗಳನ್ನು ಬರೆಯುವ ಕ್ರಮ

ರ‍್ಯಾಂಕ್ ಬಂದ ಮೇಲೆ ಯಾವ ಕಾಲೇಜು, ಯಾವ ಕೋರ್ಸು ಬೇಕೆಂದು ಕಂಪ್ಯೂಟರಿನಲ್ಲಿ ಸಾಲಾಗಿ ತುಂಬಬೇಕು. ಎಂಜಿನಿಯರಿಂಗ್, ಕೃಷಿ, ತೋಟಗಾರಿಕೆ ಎಲ್ಲವೂ ಒಂದೇ ಪಟ್ಟಿಯಲ್ಲಿ ಬರುತ್ತವೆ. ಯಂತ್ರ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ ಹೋಗಿ, ನಿಮ್ಮ ರ‍್ಯಾಂಕಿಗೆ ದೊರೆಯುವ ಮೊದಲನೆಯದನ್ನು ಕೊಡುತ್ತದೆ. ಅದರ ಕೆಳಗಿನವು ಅಲ್ಲಿಗೆ ಮುಗಿದವು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹುಡುಗಿಗೆ ಮುನಿರಾಬಾದಿನ ತೋಟಗಾರಿಕೆ ಬೇಕು, ಆಮೇಲೆ ರಾಯಚೂರಿನ ಕೃಷಿ. ಅದು ಸಿಗಲಾರದೆಂಬ ಅಂಜಿಕೆಯಿಂದ ಸೋದರಮಾವ ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜೊಂದನ್ನು ಮೊದಲ ಸಾಲಿನಲ್ಲಿ ಬರೆಸಿದ. ಆ ಸೀಟು ಸಿಕ್ಕಿತು. ತೋಟಗಾರಿಕೆಗೆ ಅವಳ ರ‍್ಯಾಂಕ್ ಸಾಲುತ್ತಿತ್ತೋ ಇಲ್ಲವೋ ಎಂದು ಯಂತ್ರ ನೋಡಲೇ ಇಲ್ಲ. ಮೊದಲನೆಯದಾಗಿ ತೋಟಗಾರಿಕೆ, ಎರಡನೆಯದಾಗಿ ಕೃಷಿ, ಮೂರನೆಯದಾಗಿ ಎಂಜಿನಿಯರಿಂಗ್ ಬರೆದಿದ್ದರೆ ಯಾವ ನಷ್ಟವೂ ಇರಲಿಲ್ಲ: ಮೊದಲೆರಡು ಸಿಗದಿದ್ದರೆ ಮೂರನೆಯದು ಹೇಗೂ ಸಿಗುತ್ತಿತ್ತು. ಸಿಗದ ಆಯ್ಕೆಯನ್ನು ಮೇಲೆ ಬರೆದರೆ ಕೆಳಗಿನ ಅವಕಾಶ ಕಡಿಮೆಯಾಗುತ್ತದೆಂಬುದು ಊರಲ್ಲಿ ಹಬ್ಬಿರುವ ತಪ್ಪು ತಿಳಿವಳಿಕೆ. ಮನಸ್ಸಿಗೆ ಎಷ್ಟು ಬೇಕೋ ಆ ಕ್ರಮದಲ್ಲಿಯೇ ಬರೆಯಬೇಕು. ಸೇರಲು ಸುತರಾಂ ಮನಸ್ಸಿಲ್ಲದ ಕಾಲೇಜನ್ನು ಪಟ್ಟಿಯಲ್ಲಿ ಎಲ್ಲೂ ಬರೆಯಬಾರದು.

ಮೊದಲು ಅಣಕು ಹಂಚಿಕೆಯೊಂದನ್ನು ಪ್ರಕಟಿಸುತ್ತಾರೆ. ಅದರಲ್ಲಿ ಬಂದದ್ದು ಸೀಟಲ್ಲ, ಆದರೆ ಅದನ್ನು ನೋಡಿ ಪಟ್ಟಿಯನ್ನು ತಿದ್ದಲು ಅವಕಾಶವಿರುತ್ತದೆ. ನಿಜವಾದ ಹಂಚಿಕೆಯಾದ ಮೇಲೆ ನಾಲ್ಕು ಮಾತುಗಳಲ್ಲಿ ಒಂದನ್ನು ಹೇಳಬೇಕು: ಒಪ್ಪಿ ಸೇರುತ್ತೇನೆ, ಇದು ಇರಲಿ, ಮೇಲಿನದು ಸಿಕ್ಕರೆ ಅದು ಬೇಕು, ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ, ಏನೂ ಬೇಡ. ಮೂರನೆಯದನ್ನು ಆರಿಸುವವರು ಕೈಯಲ್ಲಿದ್ದುದನ್ನು ಬಿಟ್ಟು ಕಾಯುತ್ತಿದ್ದಾರೆಂಬುದು ನೆನಪಿರಲಿ. ನಿಯಮ, ಶುಲ್ಕ, ದಿನಾಂಕಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯಾ ವರ್ಷದ ಪ್ರಾಧಿಕಾರದ ಮಾಹಿತಿ ಪುಸ್ತಿಕೆಯನ್ನು ಕಡ್ಡಾಯವಾಗಿ ಓದಬೇಕು. ಸೈಬರ್ ಅಂಗಡಿಯ ಹುಡುಗನಿಗೆ ಪಾಸ್‌ವರ್ಡ್ ಕೊಟ್ಟು ನೀವೇ ತುಂಬಿಬಿಡಿ ಎಂದು ಬರುವುದು ಬೇಡ. ಮಗಳನ್ನೋ ಮಗನನ್ನೋ ಪಕ್ಕದಲ್ಲಿ ಕೂರಿಸಿ, ಮನೆಯಲ್ಲಿ ಕಾಗದದ ಮೇಲೆ ಬರೆದುಕೊಂಡು ಹೋದ ಪಟ್ಟಿಯನ್ನೇ ತುಂಬಿಸಿ, ಅಚ್ಚಾದ ಪ್ರತಿಯೊಂದಿಗೆ ಸಾಲುಸಾಲಾಗಿ ತಾಳೆ ನೋಡಿ, ಆ ಪ್ರತಿಯನ್ನು ಮನೆಗೆ ತರಬೇಕು.